ಬೀಗ ಪ್ರಕಾಶಕರದು, ಕೀಲಿಕೈ ಅಂಗಡಿಯವರದು

2007ರ ಜುಲೈ. ಹ್ಯಾರಿ ಪಾಟರ್ ಸರಣಿಯ ಏಳನೇ ಪುಸ್ತಕ ಅಂಗಡಿಗೆ ಬರಬೇಕಾಗಿದ್ದದ್ದು 21ನೇ ತಾರೀಖು. ಅಮೆರಿಕದ ಪ್ರಕಾಶಕರೊಬ್ಬರೇ ಮೊದಲ ಮುದ್ರಣಕ್ಕೆ 1.2 ಕೋಟಿ ಪ್ರತಿ ಅಚ್ಚು ಹಾಕಿಸಿದ್ದರು. ಪೆಟ್ಟಿಗೆಗಳಿಗೆ ಸೀಲು, ಗೋದಾಮಿಗೆ ಕಾವಲು, ನಡುರಾತ್ರಿ ಆಗುವ ತನಕ ಪೆಟ್ಟಿಗೆ ಬಿಚ್ಚಕೂಡದು ಅಂತ ಅಂಗಡಿಯವರಿಗೆ ಕಟ್ಟುನಿಟ್ಟು. ಇಷ್ಟೆಲ್ಲ ಇದ್ದೂ ಬಿಡುಗಡೆಗೆ ಕೆಲವು ದಿನ ಮೊದಲೇ ಪುಸ್ತಕ ಇಂಟರ್ನೆಟ್ಟಿಗೆ ಬಂದುಬಿಟ್ಟಿತು. ಇದರಲ್ಲಿ ಹ್ಯಾಕಿಂಗಿನ ಮಾತೇ ಇಲ್ಲ. ಯಾರೋ ಒಬ್ಬರು ಕೈಗೆ ಸಿಕ್ಕ ಪ್ರತಿಯ ಒಂದೊಂದೇ ಪುಟ ಬಿಚ್ಚಿ ಕ್ಯಾಮೆರಾದಲ್ಲಿ ಫೋಟೋ ತೆಗೆದಿದ್ದರು, ಅಷ್ಟೇ.

ತಮಾಷೆ ಏನು ಗೊತ್ತಾ? ಆ ಹೊತ್ತಿಗೆ ಆ ಸರಣಿಯ ಒಂದೇ ಒಂದು ಇ-ಪುಸ್ತಕವೂ ಮಾರಾಟಕ್ಕೆ ಇರಲಿಲ್ಲ. ಡಿಜಿಟಲ್ ಪ್ರತಿಯನ್ನೇ ಮಾರದಿದ್ದರೆ ಡಿಜಿಟಲ್ ಕಳ್ಳತನ ಎಲ್ಲಿಂದ ಆಗಬೇಕು ಅನ್ನುವ ಲೆಕ್ಕ ಆಗ ಸುಮಾರು ಜನ ಪ್ರಕಾಶಕರಲ್ಲಿ ಇತ್ತು. ಆ ಲೆಕ್ಕ ಅವತ್ತೇ ಬಿದ್ದುಹೋಯಿತು. ದುಡ್ಡು ಕೊಟ್ಟು ಡಿಜಿಟಲ್ಲಾಗಿ ಓದಲು ಸಿದ್ಧ ಇದ್ದವರಿಗೆ ದಾರಿ ಇರಲಿಲ್ಲ. ಕದ್ದು ಓದುವವರಿಗೆ ಇತ್ತು. ಈ ಪುಸ್ತಕಗಳ ಅಧಿಕೃತ ಇ-ಪ್ರತಿ ಸಿಗಲು 2012ರ ತನಕ ಕಾಯಬೇಕಾಯಿತು.

ಪೈರಸಿಯ ಮಾತು ಬಂದಾಗಲೆಲ್ಲ ಎರಡು ಥರದ ದನಿ ಕೇಳಿಸುತ್ತದೆ. ಒಂದು, ಕಳ್ಳರು ಉದ್ಯಮವನ್ನೇ ಮುಳುಗಿಸುತ್ತಿದ್ದಾರೆ ಅನ್ನುವುದು. ಇನ್ನೊಂದು, ಪೈರಸಿ ಪುಕ್ಕಟೆ ಪ್ರಚಾರ ತಾನೆ, ಯಾರಿಗೇನು ನಷ್ಟ ಅನ್ನುವುದು. ನನಗೆ ಎರಡೂ ಒಪ್ಪಿಗೆ ಇಲ್ಲ. ಕಳೆದ ಇಪ್ಪತ್ತೈದು ವರ್ಷದ ಕಥೆ ನೋಡಿದರೆ ಕಾಣುವುದೇ ಬೇರೆ. ಪ್ರಕಾಶಕರು ಕಳ್ಳರಿಗೆ ಅಂತ ಇ-ಪುಸ್ತಕಕ್ಕೆ ಹಾಕಿದ ಡಿಜಿಟಲ್ ಬೀಗ ಕಳ್ಳರನ್ನು ತಡೆಯಲಿಲ್ಲ. ದುಡ್ಡು ಕೊಟ್ಟವರನ್ನು ಕಟ್ಟಿಹಾಕಿತು. ಆಮೇಲೆ ಪ್ರಕಾಶಕರನ್ನೂ ಕಟ್ಟಿಹಾಕಿತು. ಈಗ ಅವರು ಕಲಿಯುತ್ತಿರುವುದೆಲ್ಲ ಆ ಗಂಟನ್ನು ಬಿಚ್ಚಿಕೊಳ್ಳುವ ಪಾಠ.

ಕದ್ದ ಪ್ರತಿ ಹುಟ್ಟುವ ಬಗೆ

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಾಗದದ ಪುಸ್ತಕ ಆದರೆ ಬೆನ್ನನ್ನು ಕತ್ತರಿಸಿ ಹಾಳೆಗಳನ್ನು ಬಿಡಿ ಮಾಡುತ್ತಾರೆ. ಹಾಳೆ ತಾನಾಗಿ ಎಳೆದುಕೊಳ್ಳುವ ಸ್ಕ್ಯಾನರ್‌ಗೆ ಹಾಕಿದರೆ ಮುನ್ನೂರು ಪುಟಕ್ಕೆ ಕೆಲವೇ ನಿಮಿಷ ಸಾಕು. ಆಮೇಲೆ ಚಿತ್ರವನ್ನು ಅಕ್ಷರವಾಗಿ ಮಾರ್ಪಡಿಸುವ ತಂತ್ರಾಂಶ. ಇಲ್ಲಿ ತಪ್ಪುಗಳು ನುಸುಳುತ್ತವೆ. ಇಂಗ್ಲಿಷ್ ಪುಸ್ತಕದಲ್ಲಿ 'ಆರ್' ಪಕ್ಕ 'ಎನ್' ಬಂದರೆ ಅದು 'ಎಂ' ಆಗಿಬಿಡುತ್ತದೆ. ಇಂಥ ತಪ್ಪು ತುಂಬಿರುವ ಪ್ರತಿ ಕಂಡರೆ ಅದು ಕಾಗದದಿಂದ ಬಂದದ್ದು ಅಂತ ಬಲ್ಲವರು ಹೇಳಿಬಿಡುತ್ತಾರೆ. ತಪ್ಪೇ ಇಲ್ಲದೆ, ಅಧ್ಯಾಯದ ಕೊಂಡಿಗಳೂ ಸೇರಿ ನೀಟಾಗಿದ್ದರೆ ಅದು ಯಾರೋ ಕೊಂಡ ಇ-ಪುಸ್ತಕ. ಬೀಗ ತೆಗೆದು ಹಾಕಿದ್ದು.

ಹೀಗೆ ತಯಾರಾದ ಫೈಲು ಮೆಸೇಜಿಂಗ್ ಆ್ಯಪ್‌ಗಳ ಗುಂಪುಗಳಿಗೆ ಹೋಗುತ್ತದೆ. ಇಲ್ಲವೇ 'ನೆರಳು ಗ್ರಂಥಾಲಯ' ಅಂತ ಕರೆಯುವ ದೊಡ್ಡ ಕಣಜಗಳಿಗೆ. ಲೈಬ್ರರಿ ಜೆನೆಸಿಸ್ ಸುಮಾರು 2008ರಿಂದ ಇದೆ. ಸಂಶೋಧನಾ ಲೇಖನಗಳ ಸೈ-ಹಬ್ 2011ರಲ್ಲಿ ಶುರುವಾಯಿತು. ಸಂಶೋಧನಾ ಪತ್ರಿಕೆಗಳ ದೊಡ್ಡ ಪ್ರಕಾಶಕ ಎಲ್ಸೆವಿಯರ್ ಹೂಡಿದ ಕೇಸಿನಲ್ಲಿ ಅಮೆರಿಕದ ಕೋರ್ಟು 2017ರಲ್ಲಿ 1.5 ಕೋಟಿ ಡಾಲರ್ ಪರಿಹಾರ ಕೊಡಿ ಎಂದಿತು. ತೀರ್ಪು ಬಂದ ಮೇಲೂ ಸೈ-ಹಬ್ ಬಾಗಿಲು ಹಾಕಲಿಲ್ಲ. 2022ರ ನವೆಂಬರಿನಲ್ಲಿ ಝಡ್-ಲೈಬ್ರರಿಯ ವಿಳಾಸಗಳನ್ನು ಅಮೆರಿಕ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಇಬ್ಬರನ್ನು ಅರ್ಜೆಂಟೀನಾದಲ್ಲಿ ಬಂಧಿಸಲಾಯಿತು. ಅದೇ ತಿಂಗಳು ಇಂಥ ಎಲ್ಲ ಕಣಜಗಳನ್ನೂ ಒಟ್ಟಿಗೆ ಹುಡುಕಿಕೊಡುವ ಇನ್ನೊಂದು ತಾಣ ಹುಟ್ಟಿಕೊಂಡಿತು. ಗರಿಕೆ ಹುಲ್ಲು ಕಿತ್ತ ಹಾಗೆ, ಬೇರು ಎಲ್ಲೋ ಉಳಿದೇ ಇರುತ್ತದೆ.

ಇಳಿಸಿಕೊಳ್ಳುವವರು ಯಾರು? ನನ್ನ ಪ್ರಕಾರ ಇದು ಮುಖ್ಯ ಪ್ರಶ್ನೆ. ಆದರೆ ಇದನ್ನು ಕೇಳುವವರು ಕಡಿಮೆ. ದುಡ್ಡು ಕೊಡಲು ಮನಸ್ಸೇ ಇಲ್ಲದವರು ಇದ್ದಾರೆ, ಸರಿ. ಅವರನ್ನು ಬಿಟ್ಟುಬಿಡಿ, ಪೈರಸಿ ಇಲ್ಲದಿದ್ದರೂ ಅವರು ಕೊಳ್ಳುತ್ತಿರಲಿಲ್ಲ. ಆದರೆ ಕೊಡಲು ಮನಸ್ಸಿದ್ದೂ ದಾರಿ ಇಲ್ಲದವರು ಬಹಳ ಜನ. ಅಚ್ಚಿನ ಕಾಲದಲ್ಲಿ ಒಂದು ಪುಸ್ತಕದ ಹಕ್ಕನ್ನು ದೇಶದೇಶಕ್ಕೆ ಬೇರೆಬೇರೆಯಾಗಿ ಮಾರುತ್ತಿದ್ದರು. ಹಡಗಿನಲ್ಲಿ ಪೆಟ್ಟಿಗೆ ಹೋಗುತ್ತಿದ್ದ ಕಾಲಕ್ಕೆ ಅದು ಸರಿಯಿತ್ತು. ಫೈಲಿಗೂ ಅದೇ ನಿಯಮ ಇಟ್ಟರೆ 'ಈ ಪುಸ್ತಕ ನಿಮ್ಮ ದೇಶದಲ್ಲಿ ಲಭ್ಯವಿಲ್ಲ' ಅನ್ನುವ ಸಾಲು ಬರುತ್ತದೆ. ಆ ಸಾಲು ಓದಿದವನು ಮುಂದೆ ಏನು ಹುಡುಕುತ್ತಾನೆ ಅಂತ ಬಿಡಿಸಿ ಹೇಳಬೇಕಾ?

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಇ-ಪುಸ್ತಕದ ಬೀಗಕ್ಕೆ ಡಿಆರ್‌ಎಂ ಅಂತ ಹೆಸರು. ಫೈಲನ್ನು ಗೂಢಲಿಪಿಗೆ ಬದಲಾಯಿಸಿ, ಅದನ್ನು ಬಿಚ್ಚುವ ಕೀಲಿಯನ್ನು ನಿಮ್ಮ ಖಾತೆಗೋ ಸಾಧನಕ್ಕೋ ಜೋಡಿಸುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಪುಸ್ತಕ ಪರದೆಯ ಮೇಲೆ ಕಾಣಿಸಬೇಕು ಅಂದರೆ ಆ ಕೀಲಿ ಓದುಗನ ಯಂತ್ರದೊಳಗೇ ಇರಬೇಕಲ್ಲ. ಬೀಗ ಹಾಕಿ ಕೀಲಿಕೈಯನ್ನು ಹೊಸ್ತಿಲ ಕೆಳಗೇ ಇಟ್ಟ ಹಾಗೆ. ಎಲ್ಲರೂ ಹುಡುಕಬೇಕಾಗಿಲ್ಲ. ಜಗತ್ತಿನಲ್ಲಿ ಒಬ್ಬನು ಒಂದು ಸಲ ಹುಡುಕಿದರೆ ಮುಗಿಯಿತು.

ಇದು ಮೊದಲ ದಿನದಿಂದಲೂ ಗೊತ್ತಿದ್ದದ್ದೇ. ಸ್ಟೀಫನ್ ಕಿಂಗ್ 2000ದ ಮಾರ್ಚಿನಲ್ಲಿ ಒಂದು ನೀಳ್ಗತೆಯನ್ನು ಇಂಟರ್ನೆಟ್ಟಿನಲ್ಲಿ ಮಾತ್ರ ಬಿಡುಗಡೆ ಮಾಡಿದರು. ಒಂದೇ ದಿನದಲ್ಲಿ 4 ಲಕ್ಷಕ್ಕೂ ಹೆಚ್ಚು ಪ್ರತಿ ಹೋದವು. ಸರ್ವರುಗಳು ಒದ್ದಾಡಿದವು. ಅದರ ಬೀಗ ಕೆಲವೇ ದಿನದಲ್ಲಿ ಮುರಿದುಬಿತ್ತು. ಮರುವರ್ಷ ಅಡೋಬಿಯ ಇ-ಪುಸ್ತಕದ ಬೀಗದ ದೌರ್ಬಲ್ಯದ ಬಗ್ಗೆ ಲಾಸ್ ವೇಗಸ್‌ನಲ್ಲಿ ಭಾಷಣ ಮಾಡಿದ ರಷ್ಯಾದ ಪ್ರೋಗ್ರಾಮರ್ ದ್ಮಿತ್ರಿ ಸ್ಕ್ಲ್ಯಾರೋವ್ ಅವರನ್ನು ಬಂಧಿಸಿದರು. ಅವರು ಕೆಲಸ ಮಾಡುತ್ತಿದ್ದ ಕಂಪನಿಯ ಮೇಲೆ ಕೇಸು ನಡೆದು 2002ರ ಡಿಸೆಂಬರಿನಲ್ಲಿ ಖುಲಾಸೆಯೂ ಆಯಿತು. ಬೀಗ ಗಟ್ಟಿ ಇಲ್ಲ ಅಂದವನನ್ನು ಹಿಡಿದರೆ ಬೀಗ ಗಟ್ಟಿ ಆಗುತ್ತದಾ?

ಹಾಗಾದರೆ ಈ ಬೀಗ ಯಾರಿಗೆ ತೊಂದರೆ ಕೊಡುತ್ತದೆ? ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಪರಾಮರ್ಶನ ಗ್ರಂಥವನ್ನು ಇ-ಪುಸ್ತಕವಾಗಿ ಕೊಂಡಿದ್ದೆ. ಅಗ್ಗದ್ದೇನೂ ಅಲ್ಲ. ಎಲ್ಲಿ ಕೊಂಡೆ ಅನ್ನುವುದು ಬೇಡ. ಹಳೆಯ ಲ್ಯಾಪ್‌ಟಾಪ್ ಕೆಟ್ಟಿತು, ಹೊಸದು ಬಂತು. ಪುಸ್ತಕ ತೆರೆದರೆ 'ಈ ಸಾಧನಕ್ಕೆ ಅನುಮತಿ ಇಲ್ಲ'. ಹಳೆಯ ಸಾಧನದಿಂದ ಮೊದಲು ಅನುಮತಿ ವಾಪಸ್ ತೆಗೆಯಿರಿ ಅಂತ ಸಲಹೆ ಬಂತು. ಅದು ಸತ್ತೇ ಹೋಗಿದೆ ಸ್ವಾಮಿ ಅಂತ ಬರೆದೆ. ಮೂರು ಇಮೇಲ್ ಆಯಿತು. ಮೂರಕ್ಕೂ ಬಂದ ಉತ್ತರ ಒಂದೇ, ಆರ್ಡರ್ ನಂಬರ್ ಕಳಿಸಿ. ಈ ಗೋಳನ್ನು ಗೆಳೆಯನ ಹತ್ತಿರ ಹೇಳಿಕೊಂಡೆ. ಎರಡು ನಿಮಿಷದಲ್ಲಿ ಅದೇ ಪುಸ್ತಕದ ಬೀಗವಿಲ್ಲದ ಪ್ರತಿಯ ಕೊಂಡಿ ನನ್ನ ಫೋನಿನಲ್ಲಿತ್ತು. ನಾನು ಅದನ್ನು ಒತ್ತಿದೆನಾ ಇಲ್ಲವಾ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ದುಡ್ಡು ಕೊಟ್ಟವನಿಗೆ ಸಿಕ್ಕ ಸರಕು ಕದ್ದವನ ಸರಕಿಗಿಂತ ಕಳಪೆ ಆಗಿತ್ತು ಅನ್ನುವುದಷ್ಟೇ ನನ್ನ ತಕರಾರು.

ನನಗಾದದ್ದು ಸಣ್ಣದು. 2009ರ ಜುಲೈನಲ್ಲಿ ಅಮೆಜಾನ್‌ನ ಇ-ಪುಸ್ತಕ ಓದುವ ಸಾಧನವಾದ ಕಿಂಡಲ್‌ಗೆ ಕೆಲವು ಓದುಗರು ಕೊಂಡಿದ್ದ ಪುಸ್ತಕಗಳು ಅವರ ಸಾಧನದಿಂದ ಮಾಯವಾದವು. ಮಾರಿದವರಿಗೆ ಆ ಪುಸ್ತಕಗಳ ಹಕ್ಕೇ ಇರಲಿಲ್ಲ ಅಂತ ಅಮೆಜಾನ್ ದೂರದಿಂದಲೇ ಅಳಿಸಿಹಾಕಿತ್ತು, ದುಡ್ಡು ವಾಪಸ್ ಕೊಟ್ಟಿತ್ತು. ಅಳಿಸಿದ ಪುಸ್ತಕಗಳಲ್ಲಿ ಒಂದು ಆರ್ವೆಲ್ಲರ '1984'. ಬೇಡದ ಕಾಗದವನ್ನೆಲ್ಲ ಬೆಂಕಿಗೆ ಎಸೆಯುವ ಸರ್ಕಾರದ ಕಥೆ ಅದು. ಜೆಫ್ ಬೆಜೋಸ್ ಕ್ಷಮೆ ಕೇಳಿದರು. ತನ್ನ ಟಿಪ್ಪಣಿಗಳೂ ಹಾಳಾದವು ಅಂತ ಒಬ್ಬ ವಿದ್ಯಾರ್ಥಿ ಕೇಸು ಹಾಕಿದ, ಅದು ರಾಜಿಯಲ್ಲಿ ಮುಗಿಯಿತು. ಹತ್ತು ವರ್ಷದ ಮೇಲೆ, 2019ರಲ್ಲಿ, ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಅಲ್ಲಿ ಕೊಂಡ ಪುಸ್ತಕಗಳೂ ಅಂಗಡಿಯ ಜೊತೆಗೇ ಹೋದವು. ಹಣ ಹಿಂದಕ್ಕೆ ಕೊಟ್ಟರು ನಿಜ. ಆದರೆ ಮುಚ್ಚಿದ ಅಂಗಡಿಯವನು ಮನೆಗೆ ಬಂದು ಕಪಾಟಿನಿಂದ ಪುಸ್ತಕ ತೆಗೆದುಕೊಂಡು ಹೋದದ್ದನ್ನು ಅದುವರೆಗೆ ಯಾರು ಕಂಡಿದ್ದರು?

ಕಾನೂನಿನ ಕಣ್ಣಿಗೆ ಇದರಲ್ಲಿ ವಿಚಿತ್ರ ಏನಿಲ್ಲ. ನಾವು ಇ-ಪುಸ್ತಕವನ್ನು ಕೊಳ್ಳುವುದೇ ಇಲ್ಲ, ಓದುವ ಪರವಾನಗಿ ಪಡೆಯುತ್ತೇವೆ. ಕಾಗದದ ಪುಸ್ತಕವನ್ನು ಓದಿ ಮಾರಬಹುದು, ತಮ್ಮನಿಗೆ ಕೊಡಬಹುದು. ಇ-ಪುಸ್ತಕವನ್ನು ಹಾಗೆ ಸೆಕೆಂಡ್ ಹ್ಯಾಂಡ್ ಮಾರಲು ಬರುವುದಿಲ್ಲ ಅಂತ ಯುರೋಪಿನ ನ್ಯಾಯಾಲಯ 2019ರ ಡಿಸೆಂಬರಿನಲ್ಲಿ ಟಾಮ್ ಕ್ಯಾಬಿನೆಟ್ ಅನ್ನುವ ಡಚ್ ಕಂಪನಿಯ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಹೊಸ ನಿಯಮ ಬಂದಿದೆ. ಡಿಜಿಟಲ್ ಸರಕಿನ ಮುಂದೆ 'ಕೊಳ್ಳಿ' ಅಂತ ಬರೆಯುವುದಾದರೆ, ಸಿಗುವುದು ಬರೀ ಪರವಾನಗಿ ಅಂತ ಸ್ಪಷ್ಟವಾಗಿ ಹೇಳಬೇಕು. ಮರುತಿಂಗಳು ಅಮೆಜಾನ್ ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಕೇಬಲ್ಲಿನಲ್ಲಿ ಸಾಗಿಸುವ ಸೌಲಭ್ಯವನ್ನು ತೆಗೆದುಹಾಕಿತು. ತಮ್ಮದು ಅಂದುಕೊಂಡ ಪುಸ್ತಕದ ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದವರಿಗೆ ಇದ್ದ ಸುಲಭದ ದಾರಿ ಅದು.

ಅಂಗಡಿಯ ಕೈಗೆ ಸಿಕ್ಕ ಜುಟ್ಟು

ಬೀಗ ಹಾಕಿ ಅಂತ ಪಟ್ಟು ಹಿಡಿದವರು ದೊಡ್ಡ ಪ್ರಕಾಶಕರು. ಆದರೆ ಬೀಗ ತಯಾರಿಸಿದವರು ಅಂಗಡಿಯವರು. ಕಿಂಡಲ್ ಬೀಗದ ಪುಸ್ತಕವನ್ನು ಕಿಂಡಲ್ ಸಾಧನದಲ್ಲೋ ಕಿಂಡಲ್ ಆ್ಯಪ್‌ನಲ್ಲೋ ತೆರೆಯಬೇಕು. ಐವತ್ತು ಪುಸ್ತಕ ಅಲ್ಲಿ ಕೊಂಡವರು ಐವತ್ತೊಂದನೆಯದಕ್ಕೆ ಬೇರೆ ಅಂಗಡಿಗೆ ಯಾಕೆ ಹೋಗುತ್ತಾರೆ? ಪೈರಸಿಯ ಭಯಕ್ಕೆ ಪ್ರಕಾಶಕರು ತಮ್ಮ ಓದುಗರನ್ನೇ ಒಂದು ಅಂಗಡಿಗೆ ಬರೆದುಕೊಟ್ಟ ಹಾಗಾಯಿತು.

ಇದರ ಬಿಸಿ ತಟ್ಟಲು ಬಹಳ ದಿನ ಬೇಕಾಗಲಿಲ್ಲ. ಕಿಂಡಲ್ ಬಂದದ್ದು 2007ರ ನವೆಂಬರಿನಲ್ಲಿ, ಬೆಲೆ 399 ಡಾಲರ್. ಐದೂವರೆ ಗಂಟೆಯಲ್ಲಿ ಮಾಲು ಖಾಲಿ. ಹೊಸ ಜನಪ್ರಿಯ ಪುಸ್ತಕಗಳನ್ನು ಅಮೆಜಾನ್ 9.99 ಡಾಲರಿಗೆ ಕೊಡಲು ಶುರು ಮಾಡಿತು. ಪ್ರಕಾಶಕರಿಗೆ ತಾನು ಕೊಡುತ್ತಿದ್ದದ್ದು ಎಷ್ಟೋ ಸಲ ಅದಕ್ಕಿಂತ ಜಾಸ್ತಿ. ಪ್ರತಿ ಮೇಲೆ ನಷ್ಟ ಮಾಡಿಕೊಂಡು ಮಾರುತ್ತಿತ್ತು. ಇವತ್ತು ನಷ್ಟ ಅವರದು, ನಾಳೆ ಓದುಗರು ಹತ್ತು ಡಾಲರೇ ನ್ಯಾಯವಾದ ಬೆಲೆ ಅಂತ ನಂಬಿಬಿಟ್ಟರೆ ಆ ನಷ್ಟ ನಮ್ಮ ತಲೆಗೆ ಬರುತ್ತದೆ ಅಂತ ಪ್ರಕಾಶಕರು ಹೆದರಿದರು. ಹೆದರಿದ್ದರಲ್ಲಿ ಅರ್ಥ ಇತ್ತು.

2010ರಲ್ಲಿ ಐಪ್ಯಾಡ್ ಬಂತು. ಬೆಲೆ ನೀವೇ ಇಡಿ, ನನಗೆ ಶೇ. 30 ಕೊಡಿ ಅಂತ ಆಪಲ್ ಹೇಳಿತು. ಐದು ದೊಡ್ಡ ಪ್ರಕಾಶಕರು ಒಪ್ಪಿದರು. ಅಮೆಜಾನ್‌ಗೂ ಇದೇ ಷರತ್ತು ಅಂತ ಮ್ಯಾಕ್‌ಮಿಲನ್ ಹೇಳಿದ್ದೇ ತಡ, ಆ ಪ್ರಕಾಶನದ ಪುಸ್ತಕಗಳ ಮುಂದಿದ್ದ 'ಕೊಳ್ಳಿ' ಗುಂಡಿಯನ್ನೇ ಅಮೆಜಾನ್ ತೆಗೆದುಹಾಕಿತು. ಕಾಗದದ ಪುಸ್ತಕಗಳದ್ದೂ ಸೇರಿ. ಆಮೇಲೆ ಅಮೆಜಾನ್ ಬಗ್ಗಿತು, ಬೆಲೆ ಏರಿತು. ಅಷ್ಟರಲ್ಲಿ ಅಮೆರಿಕ ಸರ್ಕಾರ 2012ರಲ್ಲಿ ಆಪಲ್ ಮತ್ತು ಐದು ಪ್ರಕಾಶಕರ ಮೇಲೆ ಕೇಸು ಹಾಕಿತು. ಒಳಗೊಳಗೇ ಮಾತಾಡಿಕೊಂಡು ಬೆಲೆ ಏರಿಸಿದ್ದೀರಿ ಅನ್ನುವುದು ಆರೋಪ. ಪ್ರಕಾಶಕರು ರಾಜಿಯಾದರು. ಆಪಲ್ ಕೊನೆಯ ತನಕ ಹೋರಾಡಿ ಸೋತು 45 ಕೋಟಿ ಡಾಲರ್ ಕೊಡಬೇಕಾಯಿತು. ಒಬ್ಬ ದೊಡ್ಡ ಅಂಗಡಿಯವನ ಹಿಡಿತದಿಂದ ತಪ್ಪಿಸಿಕೊಳ್ಳಲು ಇನ್ನೊಬ್ಬನ ಹಿಂದೆ ನಿಂತವರ ಕಥೆ ಹೀಗಾಯಿತು.

ಬೀಗವನ್ನೇ ಬಿಟ್ಟುಬಿಡೋಣ ಅಂದವರೂ ಇದ್ದರು. ವೈಜ್ಞಾನಿಕ ಕಥೆಗಳಿಗೆ ಹೆಸರಾದ ಟಾರ್ 2012ರಲ್ಲಿ ತನ್ನ ಎಲ್ಲ ಇ-ಪುಸ್ತಕಗಳಿಂದ ಡಿಆರ್‌ಎಂ ತೆಗೆಯಿತು. ವರ್ಷ ಕಳೆದ ಮೇಲೆ ಅದರ ಬ್ರಿಟನ್ ಶಾಖೆ, ಪೈರಸಿ ಹೆಚ್ಚಿದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ ಅಂದಿತು. ಹ್ಯಾರಿ ಪಾಟರ್ ಇ-ಪುಸ್ತಕಗಳು ಕೊನೆಗೂ ಬಂದದ್ದು ಅದೇ 2012ರಲ್ಲಿ, ಲೇಖಕಿಯ ಸ್ವಂತ ಅಂಗಡಿಯಲ್ಲಿ. ಅಲ್ಲಿ ಕೊಂಡ ಫೈಲಿಗೆ ಬೀಗದ ಬದಲು ಗುರುತು ಇತ್ತು. ಕೊಂಡವರನ್ನು ಪತ್ತೆಹಚ್ಚಬಹುದಾದ ಒಂದು ಮುದ್ರೆಯನ್ನು ಫೈಲಿನೊಳಗೆ ಸೇರಿಸಿ ಕೊಡುತ್ತಿದ್ದರು. ಫೈಲು ಎಲ್ಲಿಗೆ ಬೇಕಾದರೂ ಒಯ್ಯಿರಿ, ಹಂಚಿದರೆ ಮಾತ್ರ ಯಾರದು ಅಂತ ಗೊತ್ತಾಗುತ್ತದೆ. ಅಮೆಜಾನ್ ಕೂಡ ತನ್ನ ಗಿರಾಕಿಗಳನ್ನು ಆ ಅಂಗಡಿಗೇ ಕಳಿಸಬೇಕಾಯಿತು. ಅಷ್ಟು ಹೆಸರಿದ್ದವರಿಗೆ ಮಾತ್ರ ಸಾಧ್ಯವಾದ ಪಟ್ಟು ಅದು, ಒಪ್ಪುತ್ತೇನೆ.

ಇಲ್ಲಿ ಬೆಲೆಯ ಬಗ್ಗೆ ಒಂದು ಮಾತು. ಕಾಗದ ಇಲ್ಲ, ಅಚ್ಚಿಲ್ಲ, ಮತ್ಯಾಕೆ ಇಷ್ಟು ಬೆಲೆ ಅಂತ ಓದುಗರು ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. 15 ಡಾಲರಿನ ಇ-ಪುಸ್ತಕದಲ್ಲಿ ಅಂಗಡಿಗೆ ಶೇ. 30 ಹೋದರೆ ಪ್ರಕಾಶಕರಿಗೆ ಹತ್ತೂವರೆ ಡಾಲರ್. ಅದರಲ್ಲಿ ಶೇ. 25 ಲೇಖಕರಿಗೆ ಅನ್ನುವುದು ದೊಡ್ಡ ಪ್ರಕಾಶನಗಳ ರೂಢಿ. ಎರಡೂವರೆ ಡಾಲರ್ ಚಿಲ್ಲರೆ ಆಯಿತು. ಉಳಿದ ಎಂಟರಲ್ಲಿ ಸಂಪಾದಕರು, ಕರಡು ತಿದ್ದುವವರು, ಮುಖಪುಟ, ಪ್ರಚಾರ, ಮುಂಗಡ ಕೊಟ್ಟೂ ಓಡದೇ ಹೋದ ಬೇರೆ ಪುಸ್ತಕಗಳ ಭಾರ. ಅಚ್ಚಿನ ಖರ್ಚು ಪುಸ್ತಕದ ಬೆಲೆಯಲ್ಲಿ ಎಂದೂ ದೊಡ್ಡ ಪಾಲು ಆಗಿರಲಿಲ್ಲ. ಆದರೂ ಓದುಗರ ಸಿಟ್ಟು ಪೂರ್ತಿ ತಪ್ಪಲ್ಲ. ಮಾರಲು, ಕೊಡಲು, ಇಟ್ಟುಕೊಳ್ಳಲು ಆಗದ ಸರಕಿಗೆ ಪೂರ್ತಿ ಬೆಲೆ ಕೊಡುತ್ತಿದ್ದಾರಲ್ಲ. ಸ್ವಂತ ಪ್ರಕಟಣೆ ಮಾಡುವವರಿಗೆ ಇದೇ ಅಮೆಜಾನ್ 2.99ರಿಂದ 9.99 ಡಾಲರಿನೊಳಗೆ ಬೆಲೆ ಇಟ್ಟರೆ ಶೇ. 70 ಕೊಡುತ್ತದೆ. ಪ್ರಕಾಶಕರೇ ಬೇಡ ಅಂತ ಎಷ್ಟೋ ಲೇಖಕರು ಆ ಕಡೆ ಹೊರಳಿದ್ದು ಸುಮ್ನೆ ಅಲ್ಲ.

ಅಂದಹಾಗೆ ಕಾಗದದ ಪುಸ್ತಕ ಸತ್ತಿಲ್ಲ. ಕಿಂಡಲ್ ಪುಸ್ತಕಗಳು ಅಚ್ಚಿನ ಪುಸ್ತಕಗಳಿಗಿಂತ ಹೆಚ್ಚು ಹೋಗುತ್ತಿವೆ ಅಂತ 2011ರಲ್ಲಿ ಅಮೆಜಾನ್ ಹೇಳಿದಾಗ ಎಲ್ಲರೂ ಶ್ರದ್ಧಾಂಜಲಿ ಬರೆಯಲು ಕೂತಿದ್ದರು. ಕೆಲವೇ ವರ್ಷದಲ್ಲಿ ಆ ಓಟ ನಿಧಾನವಾಯಿತು. ಅಮೆರಿಕದ ಸಾಮಾನ್ಯ ಪುಸ್ತಕಗಳ ವ್ಯಾಪಾರದಲ್ಲಿ ಇವತ್ತೂ ಇ-ಪುಸ್ತಕದ ಪಾಲು ಹತ್ತರಲ್ಲಿ ಒಂದರ ಆಸುಪಾಸು.

ನಷ್ಟ ಎಷ್ಟು ಅಂತ ಕೇಳಿದರೆ

ಪೈರಸಿಯ ನಷ್ಟದ ಅಂಕಿಗಳನ್ನು ಕಂಡರೆ ನನಗೆ ಅನುಮಾನ. ಇಳಿಸಿಕೊಂಡ ಪ್ರತಿಗಳನ್ನು ಬೆಲೆಯಿಂದ ಗುಣಿಸಿ ಇಷ್ಟು ಕೋಟಿ ನಷ್ಟ ಅನ್ನುವವರಿದ್ದಾರೆ. ಇಳಿಸಿಕೊಂಡದ್ದನ್ನೆಲ್ಲ ಓದುತ್ತಾರಾ? ಸಾವಿರ ಪುಸ್ತಕ ಫೋನಿನಲ್ಲಿ ತುಂಬಿಕೊಂಡು ಒಂದೂ ತೆರೆಯದವರನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ?

ಯುರೋಪಿಯನ್ ಕಮಿಷನ್ ಮಾಡಿಸಿದ ಒಂದು ದೊಡ್ಡ ಅಧ್ಯಯನ 2017ರಲ್ಲಿ ಹೊರಬಂತು. ಹೊಸ ದೊಡ್ಡ ಸಿನಿಮಾಗಳನ್ನು ಬಿಟ್ಟರೆ ಬೇರೆ ಯಾವುದರಲ್ಲೂ ಪೈರಸಿಯಿಂದ ಮಾರಾಟ ಕುಸಿದಿದೆ ಅನ್ನಲು ಗಟ್ಟಿ ಪುರಾವೆ ಸಿಗಲಿಲ್ಲ ಅಂದಿತು. ಪೈರಸಿಯ ವಕೀಲರು ಇದನ್ನು ಹಿಡಿದು ಕುಣಿಯುತ್ತಾರೆ. ಆದರೆ ಪುರಾವೆ ಸಿಗಲಿಲ್ಲ ಅನ್ನುವುದಕ್ಕೂ ನಷ್ಟವೇ ಇಲ್ಲ ಅನ್ನುವುದಕ್ಕೂ ವ್ಯತ್ಯಾಸ ಇದೆ. ಅರ್ಥಶಾಸ್ತ್ರಜ್ಞೆ ಇಮ್ಕೆ ರೈಮರ್ಸ್ ಬೇರೆ ದಾರಿ ಹಿಡಿದರು. ಒಂದು ಪ್ರಕಾಶನ ಕದ್ದ ಪ್ರತಿಗಳನ್ನು ತೆಗೆಸಲು ಕಂಪನಿಯೊಂದನ್ನು ನೇಮಿಸಿಕೊಂಡ ಮೇಲೆ ಮಾರಾಟ ಏನಾಯಿತು ಅಂತ ನೋಡಿದರು. ಇ-ಪುಸ್ತಕದ ಮಾರಾಟ ಸುಮಾರು ಶೇ. 14 ಏರಿತ್ತು. ಕಾಗದದ ಪ್ರತಿಗಳ ಮೇಲೆ ಪರಿಣಾಮ ಕಾಣಲಿಲ್ಲ. ಇದು ನನಗೆ ನಂಬುವ ಹಾಗೆ ಕಾಣುತ್ತದೆ. ಕದ್ದ ಫೈಲು ಕಬಳಿಸುವುದು ಫೈಲಿನ ವ್ಯಾಪಾರವನ್ನು. ಉಡುಗೊರೆ ಕೊಡಲು, ಕಪಾಟಿನಲ್ಲಿ ಇಡಲು ಪುಸ್ತಕ ಕೊಳ್ಳುವವರು ಹೇಗೂ ಕೊಳ್ಳುತ್ತಾರೆ.

ಶೇ. 14 ಸಣ್ಣದಾ ದೊಡ್ಡದಾ? ದೊಡ್ಡ ಹೆಸರಿನ ಲೇಖಕರಿಗೆ ಅದು ತೆರಿಗೆ ಇದ್ದ ಹಾಗೆ, ಕೊಟ್ಟರೂ ಬದುಕುತ್ತಾರೆ. ಸರಣಿ ಬರೆಯುವ ನಡುಮಟ್ಟದ ಲೇಖಕರ ಕಷ್ಟ ಬೇರೆ. ಎರಡನೇ ಪುಸ್ತಕ ಇಷ್ಟು ಪ್ರತಿ ಹೋಗಲಿಲ್ಲ ಅಂದರೆ ಮೂರನೆಯದಕ್ಕೆ ಒಪ್ಪಂದ ಸಿಗುವುದಿಲ್ಲ. ಯಾವಾಗ ಬರುತ್ತದೆ ಮೂರನೇ ಭಾಗ ಅಂತ ಕಾಯುವ ಓದುಗರಲ್ಲಿ ಎಷ್ಟು ಜನ ಎರಡನೆಯದನ್ನು ಕದ್ದು ಓದಿದವರೋ. ಪೈರಸಿ ಪುಕ್ಕಟೆ ಪ್ರಚಾರ ಅನ್ನುವ ಮಾತನ್ನು ಹೆಚ್ಚಾಗಿ ಆಡುವವರು ಆಗಲೇ ಹೆಸರು ಮಾಡಿದವರು ಅನ್ನುವುದನ್ನು ಮರೆಯಬಾರದು.

ಕಾದರೆ ಉಚಿತ

ಪೈರಸಿಗೆ ನಿಜವಾದ ಉತ್ತರ ಕೋರ್ಟಿಗಿಂತ ಜಾಸ್ತಿ ಸಿಕ್ಕಿದ್ದು ಪೂರ್ವ ಏಷ್ಯಾದ ಕಾಮಿಕ್ಸ್ ಮತ್ತು ಧಾರಾವಾಹಿ ಕಾದಂಬರಿಗಳಲ್ಲಿ. ಜಪಾನಿನ ಮಾಂಗಾವನ್ನೇ ನೋಡಿ. ವಾರಪತ್ರಿಕೆಯಲ್ಲಿ ಬಂದ ಕಂತನ್ನು ಅಭಿಮಾನಿಗಳೇ ಸ್ಕ್ಯಾನ್ ಮಾಡಿ, ಜಪಾನಿ ಅಕ್ಷರ ಅಳಿಸಿ, ಇಂಗ್ಲಿಷ್ ತುಂಬಿಸಿ ಒಂದೆರಡು ದಿನದಲ್ಲಿ ಹಾಕಿಬಿಡುತ್ತಿದ್ದರು. ಇದಕ್ಕೆ ಸ್ಕ್ಯಾನ್ಲೇಷನ್ ಅಂತ ಹೆಸರು. ಅಧಿಕೃತ ಅನುವಾದ ಪುಸ್ತಕವಾಗಿ ಬರಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಕಥೆಯ ಮುಂದಿನ ತಿರುವು ಊರಿಗೆಲ್ಲ ಗೊತ್ತಾದ ಮೇಲೆ ಕಾಯುವವರು ಯಾರು?

ಜಪಾನು ಕೋಲನ್ನೂ ಬಳಸಿತು. ಮಾಂಗಾಮುರಾ ಅನ್ನುವ ದೊಡ್ಡ ಕಳ್ಳ ತಾಣ 2018ರ ಏಪ್ರಿಲಿನಲ್ಲಿ ಮುಚ್ಚಿತು. ಅದನ್ನು ನಡೆಸಿದವನಿಗೆ ಜೈಲಾಯಿತು. ಮೂರು ಪ್ರಕಾಶಕರಿಗೆ ಸುಮಾರು 170 ಕೋಟಿ ಯೆನ್ ಪರಿಹಾರ ಕೊಡಬೇಕು ಅಂತ 2024ರಲ್ಲಿ ಟೋಕಿಯೋ ಕೋರ್ಟು ಹೇಳಿತು. ಆದರೆ ಹೆಚ್ಚು ಕೆಲಸ ಮಾಡಿದ್ದು ಇನ್ನೊಂದು ಅಂತ ನನ್ನ ಅನಿಸಿಕೆ. 2019ರ ಜನವರಿಯಲ್ಲಿ ಶುಯೇಷಾ ಪ್ರಕಾಶನ ಮಾಂಗಾ ಪ್ಲಸ್ ಅನ್ನುವ ತಾಣ ಶುರು ಮಾಡಿತು. ಜಪಾನಿನಲ್ಲಿ ಕಂತು ಬಂದ ದಿನವೇ ಇಂಗ್ಲಿಷಿನಲ್ಲೂ ಬರುತ್ತದೆ. ಶುರುವಿನಲ್ಲಿ ಮೊದಲ ಮೂರು ಕಂತು ಮತ್ತು ತೀರಾ ಈಚಿನ ಮೂರು ಕಂತು ಪುಕ್ಕಟೆ ಇದ್ದವು. ನಡುವಿನದು ಬೇಕಾದರೆ ಪುಸ್ತಕ ಕೊಳ್ಳಬೇಕಿತ್ತು. ಕಳ್ಳರ ಹತ್ತಿರ ಇದ್ದ ಬಲ ಒಂದೇ, ಬೇಗ ಸಿಗುತ್ತದೆ ಅನ್ನುವುದು. ಅದನ್ನೇ ಕಿತ್ತುಕೊಂಡರು.

ಚೀನಾದಲ್ಲಿ ಕ್ವಿಡಿಯನ್ ಅನ್ನುವ ತಾಣ 2003ರಲ್ಲೇ ಕಂತಿನ ಲೆಕ್ಕಕ್ಕೆ ಇಳಿದಿತ್ತು. ಕಾದಂಬರಿಯ ಮೊದಲ ಭಾಗ ಉಚಿತ, ಆಮೇಲೆ ಸಾವಿರ ಅಕ್ಷರಕ್ಕೆ ಇಷ್ಟು ಅಂತ ಚಿಲ್ಲರೆ ಕಾಸು. ಕೊರಿಯಾದ ಕಕಾವೋ 'ಕಾದರೆ ಉಚಿತ' ಅನ್ನುವ ಉಪಾಯ ಹೂಡಿತು. ಒಂದು ಕಂತು ಓದಿ, ಇಂತಿಷ್ಟು ಹೊತ್ತು ಕಾದರೆ ಮುಂದಿನದು ಪುಕ್ಕಟೆ. ಕಾಯಲು ಆಗಲ್ಲ ಅಂದರೆ ಸ್ವಲ್ಪ ದುಡ್ಡು. ಓದುಗರ ಆತುರಕ್ಕೇ ಬೆಲೆ ಕಟ್ಟಿದರು. ಇದರ ಕಹಿ ಭಾಗವನ್ನೂ ಹೇಳಬೇಕು. ದಿನಕ್ಕೆ ಸಾವಿರಗಟ್ಟಲೆ ಅಕ್ಷರ ಬರೆಯದಿದ್ದರೆ ಲೇಖಕರು ಪಟ್ಟಿಯಿಂದ ಕೆಳಗೆ ಜಾರುತ್ತಾರೆ. ಕಥೆ ಮುಗಿಯಬೇಕಾದ ಕಡೆ ಮುಗಿಯುವುದಿಲ್ಲ, ರಬ್ಬರಿನ ಹಾಗೆ ಎಳೆಯುತ್ತದೆ.

ತಿಂಗಳ ಚಂದಾ ಪದ್ಧತಿಗೆ ಪುಸ್ತಕಲೋಕ ಅಷ್ಟು ಸುಲಭವಾಗಿ ಒಗ್ಗಲಿಲ್ಲ. ಸಂಗೀತದಲ್ಲಿ ಒಬ್ಬರು ಎಷ್ಟು ಕೇಳಿದರೂ ದಿನಕ್ಕೆ 24 ಗಂಟೆ. ಪುಸ್ತಕದಲ್ಲಿ ವರ್ಷಕ್ಕೆ ಎರಡು ಓದುವವರೂ ಇದ್ದಾರೆ, ದಿನಕ್ಕೊಂದು ಮುಗಿಸುವವರೂ ಇದ್ದಾರೆ. ಆಯ್‌ಸ್ಟರ್ ಅನ್ನುವ ಕಂಪನಿ 2013ರಲ್ಲಿ ಶುರುವಾಗಿ ಎರಡೇ ವರ್ಷದಲ್ಲಿ ಬಾಗಿಲು ಹಾಕುತ್ತೇವೆ ಅಂದಿತು. 2015ರಲ್ಲಿ ಇಂಥದ್ದೇ ಇನ್ನೊಂದು ಚಂದಾ ಸೇವೆಯಾದ ಸ್ಕ್ರಿಬ್ಡ್ ತನ್ನ ಪ್ರೇಮ ಕಾದಂಬರಿಗಳಲ್ಲಿ ಬಹುಪಾಲನ್ನು ಕಡಿತ ಮಾಡಿತು. ಕಾರಣ, ಆ ಓದುಗರು ವಿಪರೀತ ಓದುತ್ತಿದ್ದರು! ಜಾಸ್ತಿ ಓದಿದ್ದಕ್ಕೆ ಓದುಗರ ಮೇಲೆ ಬೇಸರ ಮಾಡಿಕೊಂಡ ಪುಸ್ತಕ ವ್ಯಾಪಾರ ಬೇರೆ ಎಲ್ಲೂ ಇರಲಿಕ್ಕಿಲ್ಲ. ಅಮೆಜಾನ್‌ನ ಚಂದಾ ಸೇವೆ ಕಿಂಡಲ್ ಅನ್‌ಲಿಮಿಟೆಡ್ ಉಳಿಯಿತು. 2015ರಿಂದ ಅದು ಲೇಖಕರಿಗೆ ಓದಿದ ಪುಟದ ಲೆಕ್ಕದಲ್ಲಿ ಕೊಡುತ್ತದೆ. ಪುಟಕ್ಕೆ ದುಡ್ಡು ಅಂದ ಕೂಡಲೇ ಪುಸ್ತಕದ ಹಿಂದೆ ಕಸ ತುಂಬಿ ಪುಟ ಹೆಚ್ಚಿಸುವವರೂ ಹುಟ್ಟಿಕೊಂಡರು. ಕಳ್ಳತನಕ್ಕೆ ಒಂದೇ ರೂಪ ಇರುವುದಿಲ್ಲ.

ಪಠ್ಯಪುಸ್ತಕದವರು ಬೇರೆಯೇ ಜಾಣತನ ತೋರಿಸಿದರು. ಪುಸ್ತಕವನ್ನು ಕದಿಯಬಹುದು, ಆನ್‌ಲೈನಿನಲ್ಲಿ ಹೋಂವರ್ಕ್ ಸಲ್ಲಿಸಲು ಬೇಕಾದ ಕೋಡನ್ನು ಕದಿಯಲು ಬರುವುದಿಲ್ಲ. ಒಬ್ಬರಿಗೆ ಒಂದೇ ಸಲ ಬಳಸಲು ಬರುವ ಕೋಡ್. ಕಳ್ಳ ಪ್ರತಿಯ ಜೊತೆಗೆ ಸೆಕೆಂಡ್ ಹ್ಯಾಂಡ್ ಪುಸ್ತಕದ ಪೇಟೆಗೂ ಪೆಟ್ಟು ಬಿತ್ತು. ಇದರಲ್ಲಿ ಯಾವುದು ಅವರ ನಿಜವಾದ ಗುರಿ ಆಗಿತ್ತು ಅಂತ ನೀವೇ ಊಹಿಸಿ.

ಊರು ಕೊಳ್ಳೆ ಹೋದ ಮೇಲೆ

ಗ್ರಂಥಾಲಯಗಳ ಜೊತೆ ಪ್ರಕಾಶಕರ ಜಗಳ ನನಗೆ ಬೇಸರ ತರಿಸುವ ಅಧ್ಯಾಯ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಒಂದು ಇ-ಪುಸ್ತಕವನ್ನು 26 ಸಲ ಎರವಲು ಕೊಟ್ಟ ಮೇಲೆ ಗ್ರಂಥಾಲಯ ಮತ್ತೆ ಕೊಳ್ಳಬೇಕು ಅಂದಿತು. 2019ರ ನವೆಂಬರಿನಲ್ಲಿ ಮ್ಯಾಕ್‌ಮಿಲನ್ ಹೊಸ ಪುಸ್ತಕ ಬಂದ ಮೊದಲ ಎಂಟು ವಾರ ಒಂದು ಗ್ರಂಥಾಲಯ ವ್ಯವಸ್ಥೆಗೆ ಒಂದೇ ಇ-ಪ್ರತಿ ಅಂತ ನಿಯಮ ಮಾಡಿ, ನಾಲ್ಕು ತಿಂಗಳಲ್ಲಿ ಕೈಬಿಟ್ಟಿತು. ಇಂಟರ್ನೆಟ್ ಆರ್ಕೈವ್ ಅನ್ನುವ ಲಾಭರಹಿತ ಡಿಜಿಟಲ್ ಗ್ರಂಥಾಲಯ ಕಾಗದದ ಪುಸ್ತಕ ಸ್ಕ್ಯಾನ್ ಮಾಡಿ ಒಂದು ಪ್ರತಿಗೆ ಒಬ್ಬರಂತೆ ಎರವಲು ಕೊಡುತ್ತಿತ್ತು. 2020ರ ಮಾರ್ಚಿನಲ್ಲಿ, ಕೋವಿಡ್ ಸಮಯದಲ್ಲಿ, ಒಬ್ಬರಂತೆ ಅನ್ನುವ ಮಿತಿಯನ್ನು ತೆಗೆಯಿತು. ನಾಲ್ಕು ದೊಡ್ಡ ಪ್ರಕಾಶಕರು ಕೇಸು ಹಾಕಿ ಗೆದ್ದರು, 2024ರ ಸೆಪ್ಟೆಂಬರಿನಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಸುಮಾರು 5 ಲಕ್ಷ ಪುಸ್ತಕಗಳು ಎರವಲಿನಿಂದ ಹೊರಬಿದ್ದವು. ಕಾನೂನಿನ ಪ್ರಕಾರ ಪ್ರಕಾಶಕರು ಸರಿ ಇರಬಹುದು. ಆದರೆ ಆ 5 ಲಕ್ಷದಲ್ಲಿ ಬೇರೆಲ್ಲೂ ಇ-ಪ್ರತಿ ಸಿಗದ ಹಳೆಯ ಪುಸ್ತಕಗಳನ್ನು ಹುಡುಕುತ್ತಿದ್ದವರು ಈಗ ಎಲ್ಲಿಗೆ ಹೋಗುತ್ತಾರೆ ಅಂದರೆ, ನೆರಳು ಗ್ರಂಥಾಲಯಕ್ಕೇ.

ಅಷ್ಟರಲ್ಲಿ ಆ ನೆರಳು ಗ್ರಂಥಾಲಯಗಳಿಗೆ ಯಾರೂ ಊಹಿಸದ ಗಿರಾಕಿಗಳು ಬಂದಿದ್ದರು. ಎಐ ಕಂಪನಿಗಳು. ಯಂತ್ರಕ್ಕೆ ಭಾಷೆ ಕಲಿಸಲು ಚೆನ್ನಾಗಿ ತಿದ್ದಿದ ಉದ್ದನೆಯ ಬರಹ ಬೇಕು. ಅದು ರಾಶಿ ಬಿದ್ದಿದ್ದು ಕಳ್ಳರ ಕಣಜದಲ್ಲಿ. ಲೇಖಕರು ಆಂಥ್ರೊಪಿಕ್ ಕಂಪನಿಯ ಮೇಲೆ ಹೂಡಿದ ಕೇಸಿನಲ್ಲಿ ಅಮೆರಿಕದ ನ್ಯಾಯಾಧೀಶ ವಿಲಿಯಂ ಆಲ್ಸಪ್ 2025ರ ಜೂನ್‌ನಲ್ಲಿ ಒಂದು ಗೆರೆ ಎಳೆದರು. ಕೊಂಡ ಪುಸ್ತಕಗಳಿಂದ ಯಂತ್ರಕ್ಕೆ ಕಲಿಸಿದ್ದು ನ್ಯಾಯಯುತ ಬಳಕೆ, ಅಂದರೆ ಲೇಖಕರ ಅನುಮತಿ ಇಲ್ಲದೆಯೂ ಕಾನೂನು ಒಪ್ಪುವ ಬಳಕೆ. ಕಳ್ಳ ತಾಣಗಳಿಂದ 70 ಲಕ್ಷಕ್ಕೂ ಹೆಚ್ಚು ಪ್ರತಿ ಇಳಿಸಿ ಕಾಯಂ ಗ್ರಂಥಾಲಯ ಕಟ್ಟಿಕೊಂಡದ್ದು ಅಲ್ಲ. ಆ ಕಂಪನಿ ಆಮೇಲೆ ಕಾಗದದ ಪುಸ್ತಕಗಳನ್ನು ಕೊಂಡು, ಬೆನ್ನು ಕತ್ತರಿಸಿ, ಸ್ಕ್ಯಾನ್ ಮಾಡಿ ಎಸೆದದ್ದೂ ತೀರ್ಪಿನಲ್ಲಿದೆ. ಅದು ತಪ್ಪಲ್ಲ ಅಂದರು. ಪೈರಸಿ ಮಾಡುವವನ ಕೈಚಳಕವೂ ಅದೇ, ಬೆನ್ನು ಕತ್ತರಿಸುವುದು. ವ್ಯತ್ಯಾಸ ಅಂಗಡಿಯ ರಸೀತಿಯಲ್ಲಿ.

ಕೇಸು 150 ಕೋಟಿ ಡಾಲರಿನ ರಾಜಿಗೆ ಬಂತು. ಸುಮಾರು 4.8 ಲಕ್ಷ ಪುಸ್ತಕ, ಒಂದಕ್ಕೆ ಸುಮಾರು 3,000 ಡಾಲರ್. ಸೆಪ್ಟೆಂಬರಿನಲ್ಲಿ ಕೋರ್ಟು ಪ್ರಾಥಮಿಕ ಒಪ್ಪಿಗೆ ಕೊಟ್ಟಿತು. ಇಪ್ಪತ್ತು ವರ್ಷ ಒಬ್ಬೊಬ್ಬ ಓದುಗನ ಹಿಂದೆ ಓಡಿದರೂ ಸಿಗದ ದುಡ್ಡು ಒಂದೇ ಕಂಪನಿಯಿಂದ ಬರುವ ಹಾಗಾಯಿತು.

ಬಂದರೆ ಅದು ಯಾರಿಗೆ? ಇಲ್ಲಿ ಹಳೆಯ ಜಗಳವೊಂದು ನೆನಪಾಗುತ್ತದೆ. 2001ರಲ್ಲಿ ರೊಸೆಟ್ಟಾಬುಕ್ಸ್ ಅನ್ನುವ ಸಣ್ಣ ಕಂಪನಿ ಕೆಲವು ಹಳೆಯ ಕಾದಂಬರಿಗಳ ಇ-ಹಕ್ಕನ್ನು ನೇರ ಲೇಖಕರಿಂದಲೇ ಪಡೆದು ಮಾರಿತು. ರ‍್ಯಾಂಡಮ್ ಹೌಸ್ ಕೋರ್ಟಿಗೆ ಹೋಯಿತು. ನಮ್ಮ ಒಪ್ಪಂದದಲ್ಲಿ 'ಪುಸ್ತಕ ರೂಪದಲ್ಲಿ' ಪ್ರಕಟಿಸುವ ಹಕ್ಕು ಇದೆಯಲ್ಲ ಅಂತ ವಾದಿಸಿತು. ಇ-ಪುಸ್ತಕ ಆ ಮಾತಿನೊಳಗೆ ಬರುವುದಿಲ್ಲ ಅಂದಿತು ಕೋರ್ಟು. ಅಲ್ಲಿಂದೀಚೆಗೆ ಪ್ರತಿ ಒಪ್ಪಂದದಲ್ಲೂ ಡಿಜಿಟಲ್ ಹಕ್ಕಿನ ಪುಟ ದಪ್ಪವಾಗುತ್ತಾ ಬಂದಿದೆ.

2024ರ ನವೆಂಬರಿನಲ್ಲಿ ಆ ಪುಟಕ್ಕೆ ಇನ್ನೊಂದು ಸಾಲು ಸೇರಿತು. ಹಾರ್ಪರ್‌ಕಾಲಿನ್ಸ್ ತನ್ನ ಕೆಲವು ಲೇಖಕರಿಗೆ ಪತ್ರ ಕಳಿಸಿತು. ನಿಮ್ಮ ಹಳೆಯ ಪುಸ್ತಕವನ್ನು ಒಂದು ಎಐ ಕಂಪನಿಗೆ ಮೂರು ವರ್ಷಕ್ಕೆ ಕೊಡುತ್ತೇವೆ, ಪುಸ್ತಕಕ್ಕೆ 5,000 ಡಾಲರ್, ಅರ್ಧ ನಿಮಗೆ ಅರ್ಧ ನಮಗೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಒಬ್ಬ ಲೇಖಕರು ಸಿಟ್ಟಿನಿಂದ ಆ ಪತ್ರವನ್ನು ಸಾರ್ವಜನಿಕವಾಗಿ ಹಾಕಿ ಇಲ್ಲ ಅಂದರು. ಆ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಮೊತ್ತ ಅಲ್ಲ, ನಿಮಗೆ ಬಿಟ್ಟದ್ದು ಅನ್ನುವ ಮಾತು. ಬೀಗ ಹಾಕುವಾಗ ಲೇಖಕರನ್ನೂ ಕೇಳಿರಲಿಲ್ಲ, ಓದುಗರನ್ನೂ ಕೇಳಿರಲಿಲ್ಲ.